ಫಾರ್ಮ್ಯಾಟ್ ಮಾಡುವ ಮುನ್ನ

ತಿಂಗಳ ಎರಡನೇ ಮಂಗಳವಾರ ಕಳೆದು ಒಂದೆರಡು ದಿನವಾಯಿತೆಂದರೆ ನಮ್ಮ ಅಂಗಡಿಗೆ ಒಂದೇ ಬಗೆಯ ಫೋನ್ ಕರೆಗಳು ಬರತೊಡಗುತ್ತವೆ. "ಅಕ್ಕಾ, ರಾತ್ರಿ ಸರಿ ಇತ್ತು. ಅದೇನೋ ಅಪ್‌ಡೇಟ್ ಅಂತ ಬಂತು. ಈಗ ಆನ್ ಆಗ್ತಾನೇ ಇಲ್ಲ." ಸಾಗರದ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನನಗೆ ಆ ಮಂಗಳವಾರದ ಲೆಕ್ಕ ಕ್ಯಾಲೆಂಡರ್ ನೋಡದೆಯೂ ಗೊತ್ತಿರುತ್ತದೆ. 2003ರ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ವಿಂಡೋಸಿನ ತಿದ್ದುಪಡಿಗಳನ್ನು ತಿಂಗಳಿಗೊಮ್ಮೆ ಆ ದಿನವೇ ಬಿಡುತ್ತ ಬಂದಿದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆಗ ಬೆಳಿಗ್ಗೆ ಹತ್ತು ಗಂಟೆ. ನಮಗೆ ರಾತ್ರಿ ಹತ್ತೂವರೆ, ಚಳಿಗಾಲದಲ್ಲಾದರೆ ಹನ್ನೊಂದೂವರೆ. ಬುಧವಾರವೋ ಗುರುವಾರವೋ ಆಫೀಸು ಮುಚ್ಚುವ ಹೊತ್ತಿಗೆ 'ಅಪ್‌ಡೇಟ್ ಅಂಡ್ ಶಟ್‌ಡೌನ್' ಎಂದು ಪರದೆ ಕೇಳುತ್ತದೆ, ಜನ ಒತ್ತಿ ಮನೆಗೆ ಹೋಗುತ್ತಾರೆ.

ಬಹುಪಾಲು ಕಂಪ್ಯೂಟರುಗಳು ಏನೂ ಆಗದೆ ಎದ್ದು ಕೂರುತ್ತವೆ, ಅವುಗಳ ಸುದ್ದಿ ನನ್ನವರೆಗೆ ಬರುವುದಿಲ್ಲ. ಏಳದೆ ಹೋದವನ್ನು ಹೊತ್ತು ತಂದವರು ಸಿಪಿಯುವನ್ನು ಕೌಂಟರ್ ಮೇಲಿಟ್ಟು, ಉಸಿರು ತಿರುಗಿಸಿಕೊಂಡು ಹೇಳುವ ಮೊದಲ ಮಾತು: "ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಬಿಡಿ." ಈ ಲೇಖನ ಬರೆಯಲು ಕೂತಿರುವುದು ಆ ಒಂದು ಮಾತಿಗಾಗಿ.

ಅಪ್‌ಡೇಟ್ ಆದ ಮೇಲೆ ಏಳದ ಕಂಪ್ಯೂಟರಿನೊಳಗೆ ನಿಮ್ಮ ಫೋಟೊ, ಲೆಕ್ಕಪತ್ರ, ಮಗಳ ಪ್ರಾಜೆಕ್ಟು ಎಲ್ಲವೂ ಬಹುಪಾಲು ಹಾಗೇ ಇರುತ್ತವೆ. ಅಪ್‌ಡೇಟ್ ಕೈಹಾಕುವುದು ವಿಂಡೋಸಿನ ಸ್ವಂತ ಫೈಲುಗಳಿಗೆ, ನಿಮ್ಮ ಫೈಲುಗಳಿಗಲ್ಲ. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಒಂದು ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಅಳಿಸಿಹಾಕಿತ್ತು, ಮೈಕ್ರೋಸಾಫ್ಟ್ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಅಂಥದ್ದು ಅಪರೂಪ. ನಾನು ಕಂಡಂತೆ ಜನ ಡೇಟಾ ಕಳೆದುಕೊಳ್ಳುವುದು ಅಪ್‌ಡೇಟಿನಿಂದಲ್ಲ, ಅದಾದ ಮೇಲಿನ ಆತುರದಿಂದ. ಡೆಸ್ಕ್‌ಟಾಪ್ ಮೇಲೆ ಕಾಣುವ ಫೈಲು, ಡೌನ್‌ಲೋಡ್ಸ್, ಪಿಕ್ಚರ್ಸ್, ಬಹಳ ಕಡೆ ಟ್ಯಾಲಿಯ ಲೆಕ್ಕವೂ ಇರುವುದು ಸಿ ಡ್ರೈವಿನಲ್ಲೇ. ಫಾರ್ಮ್ಯಾಟ್ ಆಗುವುದೂ ಅದೇ ಡ್ರೈವು. ಹಳೆಯ ಹಾರ್ಡ್‌ಡಿಸ್ಕಾದರೆ ಫಾರ್ಮ್ಯಾಟ್ ಆದ ಮೇಲೂ ರಿಕವರಿ ಸಾಫ್ಟ್‌ವೇರ್ ಹಾಕಿ ಅಷ್ಟಿಷ್ಟು ಕೆದಕಿ ತೆಗೆಯಬಹುದು. ಈಗಿನ ಎಸ್‌ಎಸ್‌ಡಿಗಳಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಇದೆ. ಖಾಲಿ ಎಂದು ಘೋಷಣೆಯಾದ ಜಾಗವನ್ನು ಡಿಸ್ಕು ತಾನೇ ಒಳಗಿಂದ ಒರೆಸಿಕೊಂಡುಬಿಡುತ್ತದೆ. ಎಸ್‌ಎಸ್‌ಡಿ ಫಾರ್ಮ್ಯಾಟ್ ಮಾಡಿಸಿಕೊಂಡು ಬಂದು "ಫೋಟೊ ಸಿಗ್ತದಾ ಅಕ್ಕಾ" ಎಂದು ಕೇಳುವವರಿಗೆ ನಾನು ಹೂಂ ಎನ್ನಲಾರೆ.

ಹಾಗಾದರೆ ಮೊದಲು ಮಾಡಬೇಕಾದ್ದೇನು? ಎಲ್ಲಿ ನಿಂತಿದೆ ಎಂದು ನೋಡಬೇಕು. ಬೆಂಗಳೂರಿನಿಂದ ಹೊರಟ ರಾತ್ರಿ ಬಸ್ಸು ಬೆಳಗಾದರೂ ಸಾಗರಕ್ಕೆ ಬರಲಿಲ್ಲವೆಂದರೆ, ತುಮಕೂರು ದಾಟಿತ್ತಾ, ಅರಸೀಕೆರೆಗೆ ಬಂದಿತ್ತಾ, ಶಿವಮೊಗ್ಗದಲ್ಲಿ ಯಾರಾದರೂ ನೋಡಿದರಾ ಎಂದು ವಿಚಾರಿಸುತ್ತೇವಲ್ಲ, ಹಾಗೆ. ಕಂಪ್ಯೂಟರ್ ಏಳುವ ದಾರಿಯಲ್ಲೂ ನಿಲ್ದಾಣಗಳಿವೆ. ಗುಂಡಿ ಒತ್ತಿದ ಕೂಡಲೆ ಮದರ್‌ಬೋರ್ಡು ಎದ್ದು ರ‍್ಯಾಮ್, ಕೀಬೋರ್ಡು, ಡಿಸ್ಕು ಎಲ್ಲ ಇವೆಯೇ ಎಂದು ಪರೀಕ್ಷಿಸುತ್ತದೆ. ಈ ಹೊತ್ತಿಗೆ ಪರದೆಯ ಮೇಲೆ ಕಂಪನಿಯ ಲೋಗೊ ಬರುತ್ತದೆ. ಆಮೇಲೆ ಬಯಾಸು, ಎಂದರೆ ಮದರ್‌ಬೋರ್ಡಿನೊಳಗೇ ಇರುವ ಪ್ರೋಗ್ರಾಮು, ಡಿಸ್ಕಿನಲ್ಲಿರುವ ಒಂದು ಪುಟ್ಟ ಭಾಗವನ್ನು ಹುಡುಕುತ್ತದೆ. ಸಾಮಾನ್ಯವಾಗಿ 100 ಎಂಬಿ ಇರುವ, ಮೈ ಕಂಪ್ಯೂಟರಿನಲ್ಲಿ ಎಂದೂ ಕಣ್ಣಿಗೆ ಬೀಳದ ಭಾಗ ಅದು. ವಿಂಡೋಸನ್ನು ಎಬ್ಬಿಸುವ ಬೂಟ್ ಮ್ಯಾನೇಜರ್ ಇರುವುದು ಅಲ್ಲಿ. ಅದು ವಿಂಡೋಸಿನ ತಿರುಳನ್ನು ಕರೆಯುತ್ತದೆ, ತಿರುಳು ಡ್ರೈವರುಗಳನ್ನು ಕರೆಯುತ್ತದೆ. ಲೋಗೊದ ಕೆಳಗೆ ಚುಕ್ಕೆಗಳು ಸುತ್ತುವುದು ಆಗ. ಕಡೆಗೆ ಪಾಸ್‌ವರ್ಡ್ ಕೇಳುವ ಪರದೆ.

ಲೋಗೊವೇ ಬರಲಿಲ್ಲವೆಂದರೆ, ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದರೆ, ವಿಂಡೋಸಿನ ಸರದಿಯೇ ಇನ್ನೂ ಬಂದಿಲ್ಲ ಎಂದರ್ಥ. ಅಪ್‌ಡೇಟ್ ಆದ ರಾತ್ರಿಯೇ ಕೆಟ್ಟಿತು ಎಂಬ ಕಾರಣಕ್ಕೆ ಅದನ್ನು ದೂರುವುದು ಸರಿಯಲ್ಲ. ಲ್ಯಾಪ್‌ಟಾಪಾದರೆ ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚಲು ಬರುವಂತಿದ್ದರೆ ಅದನ್ನೂ ಬಿಚ್ಚಿ, ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಚಾರ್ಜರ್ ಹಾಕಿ ನೋಡಿ. ಡೆಸ್ಕ್‌ಟಾಪಾದರೆ ಮಾನಿಟರ್ ವಯರು ಸರಿಯಾಗಿ ಕೂತಿದೆಯೇ ನೋಡಿ, ಆಮೇಲೆ ರ‍್ಯಾಮ್. ನಮ್ಮ ಮಲೆನಾಡಿನ ಮಳೆಗಾಲದ ತೇವಕ್ಕೆ ರ‍್ಯಾಮಿನ ಹೊಂಬಣ್ಣದ ಅಂಚು ಮಬ್ಬಾಗುತ್ತದೆ. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಶಾಲೆಯ ಮಕ್ಕಳು ಬಳಸುವ ರಬ್ಬರಿನಿಂದ ಆ ಅಂಚನ್ನು ಮೆಲ್ಲಗೆ ಉಜ್ಜಿ, ಪುಡಿ ಊದಿ ಮತ್ತೆ ಕೂರಿಸುವುದು ಈ ಕಸುಬಿನವರೆಲ್ಲ ಮಾಡುವ ಕೆಲಸ. ಎಷ್ಟೋ ಸಿಪಿಯುಗಳು ಇಷ್ಟಕ್ಕೇ ಎದ್ದಿವೆ.

ಲೋಗೊ ಬಂದು, ಆಮೇಲೆ ಬೂಟ್ ಡಿವೈಸ್ ಸಿಗಲಿಲ್ಲ ಎಂಬ ಸಂದೇಶ ಬಂದರೆ ಮೊದಲು ಪೆನ್‌ಡ್ರೈವು, ಪ್ರಿಂಟರು, ಹೊರಗಿನ ಹಾರ್ಡ್‌ಡಿಸ್ಕು ಎಲ್ಲ ಕೀಳಿ. ಡೆಸ್ಕ್‌ಟಾಪಿನ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಮೇಲಿನ ಬಿಲ್ಲೆಯಂಥ ಸೆಲ್ಲು ಸತ್ತಿದೆ. ಸಿಆರ್ 2032 ಎಂದು ಕೇಳಿದರೆ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಅದು ಸತ್ತಾಗ ಬಯಾಸಿನ ಸೆಟ್ಟಿಂಗುಗಳೆಲ್ಲ ಮೊದಲಿನಂತಾಗಿ, ಡಿಸ್ಕನ್ನು ಹೇಗೆ ಓದಬೇಕು ಎಂಬ ಆಯ್ಕೆಯೂ ಬದಲಾಗಿ ವಿಂಡೋಸ್ ಏಳದೆ ಹೋಗುವುದುಂಟು. ಬಯಾಸಿನೊಳಗೆ ಹೋಗಿ ನೋಡಿದರೂ ಡಿಸ್ಕಿನ ಹೆಸರೇ ಕಾಣದಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ಬಲ್ಲವರ ಹತ್ತಿರ ಒಯ್ಯಿರಿ. ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ.

ಇನ್ನು ಪರ್ಸೆಂಟ್ ನಿಂತುಬಿಟ್ಟ ಕಂಪ್ಯೂಟರು. 'ವರ್ಕಿಂಗ್ ಆನ್ ಅಪ್‌ಡೇಟ್ಸ್, 30 ಪರ್ಸೆಂಟ್' ಎಂದು ಒಂದು ಗಂಟೆಯಿಂದ ತೋರಿಸುತ್ತಿದೆ. ಆರಿಸಲೇ, ಬಿಡಲೇ? ಸಿಪಿಯುವಿನ ಮುಂದೆ ಡಿಸ್ಕಿನ ಪುಟ್ಟ ದೀಪ ಇರುತ್ತದೆ, ಅದನ್ನು ನೋಡಿ. ಮಿಣುಕುತ್ತಿದ್ದರೆ ಒಳಗೆ ಕೆಲಸ ನಡೆಯುತ್ತಿದೆ, ಬಿಟ್ಟುಬಿಡಿ. ಹಳೆಯ ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ದೊಡ್ಡ ಅಪ್‌ಡೇಟ್ ಇಡೀ ಸಂಜೆ ತೆಗೆದುಕೊಂಡರೂ ಆಶ್ಚರ್ಯವಿಲ್ಲ. ದೀಪ ಆರಿ, ಪರ್ಸೆಂಟೂ ಮೂರು ನಾಲ್ಕು ಗಂಟೆ ಅಲುಗದಿದ್ದರೆ ಆಗ ಆರಿಸುವ ಮಾತು. ನಡುವೆ ಕರೆಂಟು ಹೋದರೆ? ಈ ಪ್ರಶ್ನೆಯನ್ನು ಹೆದರಿಕೊಂಡೇ ಕೇಳುತ್ತಾರೆ. ಅಪ್‌ಡೇಟ್ ಹೊಸ ಫೈಲುಗಳನ್ನು ಮೊದಲು ಒಂದು ಕಡೆ ತಂದಿಟ್ಟುಕೊಂಡು, ರೀಸ್ಟಾರ್ಟ್ ಆಗುವಾಗ ಹಳೆಯದರ ಜಾಗಕ್ಕೆ ಕೂರಿಸುತ್ತದೆ. ನಡುವೆ ಕಡಿದರೆ ಮಾಡಿದ್ದನ್ನು ರದ್ದುಮಾಡಿ ಹಿಂದಕ್ಕೆ ಹೋಗಲು ಲೆಕ್ಕ ಇಟ್ಟುಕೊಂಡಿರುತ್ತದೆ. 'ಅನ್‌ಡೂಯಿಂಗ್ ಚೇಂಜಸ್' ಎಂದು ಬಂದರೆ ಅದು ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತಿದೆ. ಆಗಂತೂ ಯಾವ ಕಾರಣಕ್ಕೂ ಕೈಹಾಕಬೇಡಿ. ಬಯಾಸ್ ಅಪ್‌ಡೇಟ್ ನಡೆಯುವಾಗ ಕರೆಂಟು ಹೋಗುವುದು ಮಾತ್ರ ನಿಜಕ್ಕೂ ಅಪಾಯದ್ದು, ಬೋರ್ಡೇ ಹೋಗಬಹುದು. ಈಚೆಗೆ ಬಯಾಸ್ ಕೂಡ ವಿಂಡೋಸ್ ಅಪ್‌ಡೇಟಿನ ಜೊತೆ ಬರುತ್ತದೆ. ಆದ್ದರಿಂದ ಮಳೆಗಾಲದಲ್ಲಿ, ಗುಡುಗು ಸಿಡಿಲಿನ ಸಂಜೆ, ಯುಪಿಎಸ್ ಇಲ್ಲದ ಕಂಪ್ಯೂಟರಿನಲ್ಲಿ ಅಪ್‌ಡೇಟ್ ಒತ್ತದಿರುವುದೇ ಲೇಸು.

ಚುಕ್ಕೆಗಳು ಸುತ್ತಿ ಸುತ್ತಿ ಮತ್ತೆ ಮೊದಲಿಗೇ ಬರುವುದು, ನೀಲಿ ಪರದೆ ಬಂದು ತಾನೇ ರೀಸ್ಟಾರ್ಟ್ ಆಗುವುದು ಅಪ್‌ಡೇಟಿನ ನಿಜವಾದ ತೊಂದರೆಗಳು. ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಈ ನೀಲಿ ಪರದೆ ಕಪ್ಪಾಗಿದೆ, ಗಾಬರಿಯಾಗಬೇಡಿ. ಇದಕ್ಕೆ ಮದ್ದು ಕಂಪ್ಯೂಟರಿನೊಳಗೇ ಇದೆ. ಸಾಲಾಗಿ ಎರಡು ಸಲ ಏಳಲು ಸೋತರೆ ಮುಂದಿನ ಸಲ ವಿಂಡೋಸ್ ತಾನಾಗಿಯೇ ರಿಕವರಿ ಪರದೆಗೆ ಹೋಗುತ್ತದೆ. ಹೋಗದಿದ್ದರೆ, ಲೋಗೊ ಬಂದು ಚುಕ್ಕೆ ಸುತ್ತಲು ಶುರುವಾದ ಕೂಡಲೆ ಪವರ್ ಬಟನನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಆರಿಸಿ, ಮತ್ತೆ ಹಾಕಿ, ಮತ್ತೆ ಆರಿಸಿ. ಮೂರನೇ ಸಲಕ್ಕೆ ಬಿಟ್ಟುಬಿಡಿ. ಪರ್ಸೆಂಟ್ ಓಡುತ್ತಿರುವಾಗ ಮಾತ್ರ ಹೀಗೆ ಮಾಡಬಾರದು.

ಆ ಪರದೆಯಲ್ಲಿ ಟ್ರಬಲ್‌ಶೂಟ್ ಒತ್ತಿದರೆ ಮೊದಲು ಕಾಣುವುದೇ 'ರಿಸೆಟ್ ದಿಸ್ ಪಿಸಿ'. ಕಣ್ಣಿಗೆ ಬಿದ್ದದ್ದನ್ನು ಒತ್ತುವುದು ಮನುಷ್ಯ ಸ್ವಭಾವ. ದಯವಿಟ್ಟು ಒತ್ತಬೇಡಿ. ಅದರಲ್ಲಿ 'ಕೀಪ್ ಮೈ ಫೈಲ್ಸ್' ಎಂಬ ಆಯ್ಕೆ ಇದೆ, ಫೈಲು ಉಳಿಯುವುದು ನಿಜವೇ. ಆದರೆ ಹಾಕಿಸಿಕೊಂಡ ಸಾಫ್ಟ್‌ವೇರುಗಳೆಲ್ಲ ಹೋಗುತ್ತವೆ. ಟ್ಯಾಲಿ, ನುಡಿ, ಬರಹ, ಪ್ರಿಂಟರಿನ ಡ್ರೈವರು ಎಲ್ಲವನ್ನೂ ಮತ್ತೆ ಹಾಕಬೇಕು. ನೀವು ಹೋಗಬೇಕಾದ್ದು ಅದರ ಕೆಳಗಿನ ಅಡ್ವಾನ್ಸ್ಡ್ ಆಪ್ಷನ್ಸಿಗೆ. ಅಲ್ಲಿ ಸ್ಟಾರ್ಟಪ್ ರಿಪೇರ್ ಒಮ್ಮೆ ಓಡಿಸಿ ನೋಡಿ. ರಿಪೇರಿ ಆಗಲಿಲ್ಲ ಎಂದು ಹೇಳಿದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸಿಗೆ ಬನ್ನಿ. ಅದರಲ್ಲಿ ಎರಡು ಸಾಲು: ಕ್ವಾಲಿಟಿ ಅಪ್‌ಡೇಟ್ ಎಂದರೆ ತಿಂಗಳ ಮಂಗಳವಾರದ್ದು, ಫೀಚರ್ ಅಪ್‌ಡೇಟ್ ಎಂದರೆ ವರ್ಷಕ್ಕೊಮ್ಮೆ ಬರುವ ಇಡೀ ಹೊಸ ಆವೃತ್ತಿ. ಮೊನ್ನೆ ಬಂದದ್ದು ಯಾವುದೋ ಅದನ್ನು ತೆಗೆಯಿರಿ. ಫೀಚರ್ ಅಪ್‌ಡೇಟಿನಿಂದ ಹಿಂದಕ್ಕೆ ಹೋಗಲು ವಿಂಡೋಸ್ ಸಾಮಾನ್ಯವಾಗಿ ಕೊಡುವ ಗಡುವು ಹತ್ತು ದಿನ. ಅಷ್ಟರವರೆಗೆ ಹಳೆಯ ವಿಂಡೋಸನ್ನು ಸಿ ಡ್ರೈವಿನಲ್ಲೇ ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. 'ನೋಡೋಣ, ಹಬ್ಬ ಮುಗೀಲಿ' ಎಂದು ಕಂಪ್ಯೂಟರನ್ನು ಮೂಲೆಗಿಟ್ಟವರು ಈ ಹತ್ತು ದಿನ ಕಳೆದುಕೊಂಡು ಬರುತ್ತಾರೆ.

ಇಷ್ಟಕ್ಕೂ ಏಳದಿದ್ದರೆ ಸೇಫ್ ಮೋಡ್ ಇದೆ. ಸ್ಟಾರ್ಟಪ್ ಸೆಟ್ಟಿಂಗ್ಸಿನಲ್ಲಿ ರೀಸ್ಟಾರ್ಟ್ ಕೊಟ್ಟು, ಪಟ್ಟಿ ಬಂದಾಗ 4 ಒತ್ತಬೇಕು. ತೀರಾ ಬೇಕಾದ ಡ್ರೈವರುಗಳಷ್ಟೇ ಹಿಡಿದು ವಿಂಡೋಸ್ ಏಳಲು ನೋಡುತ್ತದೆ. ಹೀಗೆ ಎದ್ದರೆ ವಿಂಡೋಸ್ ಚೆನ್ನಾಗಿದೆ, ಹೊಸದಾಗಿ ಬಂದ ಯಾವುದೋ ಡ್ರೈವರೋ ಆ್ಯಂಟಿವೈರಸ್ಸೋ ಅಡ್ಡಗಾಲು ಹಾಕುತ್ತಿದೆ ಎಂದು ತಿಳಿಯಬಹುದು. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಗ್ರಾಫಿಕ್ಸ್ ಡ್ರೈವರು.

ಇಡೀ ಜಗತ್ತೇ ಸೇಫ್ ಮೋಡಿಗೆ ಹೋದ ದಿನವೊಂದಿತ್ತು. 2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿ ನಮ್ಮ ಗಡಿಯಾರದ ಪ್ರಕಾರ ಬೆಳಿಗ್ಗೆ 9:39ಕ್ಕೆ ತನ್ನ ಗ್ರಾಹಕರ ಕಂಪ್ಯೂಟರುಗಳಿಗೆ ಒಂದು ಪುಟ್ಟ ಫೈಲು ಕಳಿಸಿತು. ಅದನ್ನು ಓದಲು ಹೋದ ಕಂಪನಿಯ ಡ್ರೈವರು ಕುಸಿದು, ಜೊತೆಗೆ ವಿಂಡೋಸನ್ನೂ ಕೆಡವಿತು. 10:57ಕ್ಕೆ ಫೈಲನ್ನು ಹಿಂದಕ್ಕೆ ಪಡೆದರೂ ಅಷ್ಟರೊಳಗೆ ಸುಮಾರು 85 ಲಕ್ಷ ಕಂಪ್ಯೂಟರುಗಳು ಕೆಟ್ಟಿದ್ದವು ಎಂಬುದು ಮೈಕ್ರೋಸಾಫ್ಟಿನ ಅಂದಾಜು. ವಿಮಾನ, ಆಸ್ಪತ್ರೆ, ಬ್ಯಾಂಕು ಎಲ್ಲ ಕಡೆ ನೀಲಿ ಪರದೆ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಆ ದಿನ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಇಷ್ಟು ದೊಡ್ಡ ಅನಾಹುತಕ್ಕೆ ಪರಿಹಾರವಾಗಿ ಹೊರಟ ಸೂಚನೆ ಏನಿತ್ತು ಗೊತ್ತೇ? ಸೇಫ್ ಮೋಡಿಗೆ ಹೋಗಿ, ಡ್ರೈವರ್ಸ್ ಫೋಲ್ಡರಿನೊಳಗೆ ಆ ಕಂಪನಿಯ ಫೋಲ್ಡರು ತೆರೆದು, 291 ಎಂಬ ಸಂಖ್ಯೆಯ ಆ ಫೈಲನ್ನು ಅಳಿಸಿ, ರೀಸ್ಟಾರ್ಟ್ ಮಾಡಿ. ಅಷ್ಟೇ. ಒಂದು ಫೈಲು ತೆಗೆದರೆ ಏಳುವ ಕಂಪ್ಯೂಟರನ್ನು ಇಡಿಯಾಗಿ ಅಳಿಸುವುದು ಎಷ್ಟು ದೊಡ್ಡ ಶಿಕ್ಷೆ ಎಂದು ನನ್ನ ಹತ್ತಿರ ಕಲಿಯಲು ಬರುವ ಹುಡುಗರಿಗೆ ನಾನು ಈ ಪ್ರಸಂಗ ಹೇಳಿಯೇ ಕೆಲಸ ಶುರುಮಾಡಿಸುತ್ತೇನೆ.

ಅಪ್‌ಡೇಟ್ ತೆಗೆಯಲೂ ಆಗಲಿಲ್ಲ, ಸೇಫ್ ಮೋಡೂ ಬರಲಿಲ್ಲ ಎನ್ನೋಣ. ಆಗಲೂ ಫೈಲುಗಳನ್ನು ಹೊರತೆಗೆಯಬಹುದು, ಅದಕ್ಕೆ ಬೇಕಾದ್ದು ಒಂದು ಪೆನ್‌ಡ್ರೈವು. ನಮ್ಮ ಬೀದಿಯ ಒಂದು ಡಿಟಿಪಿ ಅಂಗಡಿಯ ಹುಡುಗ ಮದುವೆ ಸೀಸನ್ನಿನಲ್ಲಿ ತಂದ ಸಿಪಿಯುವಿಗೆ ನಾನು ಮಾಡಿದ್ದು ಇದನ್ನೇ. ಅವನ ಆಮಂತ್ರಣ ಪತ್ರಿಕೆಗಳೆಲ್ಲ ಡೆಸ್ಕ್‌ಟಾಪ್ ಮೇಲೇ ಇದ್ದವು. ಪಕ್ಕದಲ್ಲಿ ನಿಂತವನ ಬಾಯಲ್ಲಿ ಒಂದೇ ಮಾತು, "ಅಕ್ಕಾ, ನಾಳೆ ಸಂಜೆ ಒಳಗೆ ಪ್ರಿಂಟಿಗೆ ಕೊಡ್ಬೇಕು." ರಿಕವರಿ ಪರದೆಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದೆ. ಕಪ್ಪು ಕಿಟಕಿ ಬಂತು. ಅದರಲ್ಲಿ ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿ ಎಂಟರ್ ಒತ್ತಿದೆ. ನಾವು ದಿನವೂ ನೋಡುವ ಅದೇ ನೋಟ್‌ಪ್ಯಾಡ್ ತೆರೆದುಕೊಂಡಿತು. ಅದರ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ 'ಆಲ್ ಫೈಲ್ಸ್' ಆರಿಸಿಕೊಂಡರೆ ಇಡೀ ಕಂಪ್ಯೂಟರಿನ ಡ್ರೈವುಗಳು ಕಣ್ಣೆದುರಿಗೆ ಬರುತ್ತವೆ. ಇಲ್ಲಿ ಅಕ್ಷರಗಳು ಬದಲಾಗಿರಬಹುದು, ನಿಮ್ಮ ಸಿ ಇಲ್ಲಿ ಡಿ ಆಗಿರಬಹುದು, ಒಳಗೆ ಯೂಸರ್ಸ್ ಫೋಲ್ಡರ್ ಇರುವುದು ಯಾವುದೋ ಅದೇ ನಿಮ್ಮದು. ಯೂಸರ್ಸ್, ಅದರೊಳಗೆ ಅವನ ಹೆಸರು, ಅದರೊಳಗೆ ಡೆಸ್ಕ್‌ಟಾಪ್. ಫೋಲ್ಡರಿನ ಮೇಲೆ ರೈಟ್ ಕ್ಲಿಕ್, ಕಾಪಿ. ಪೆನ್‌ಡ್ರೈವಿಗೆ ಹೋಗಿ ಪೇಸ್ಟ್. ಎಷ್ಟು ಆಯಿತು, ಎಷ್ಟು ಬಾಕಿ ಎಂಬ ಹಸಿರು ಪಟ್ಟಿ ಇಲ್ಲಿ ಬರುವುದಿಲ್ಲ. ಕಿಟಕಿ ಹ್ಯಾಂಗ್ ಆದಂತೆ ಕಾಣುತ್ತದೆ. ಪೆನ್‌ಡ್ರೈವಿನ ದೀಪ ಮಿಣುಕುವುದನ್ನೇ ನೋಡುತ್ತ ಕಾಯಬೇಕು. ಆ ಹುಡುಗನಿಗೆ ಅಷ್ಟು ಹೊತ್ತು ಕೂರಲಿಕ್ಕೂ ಆಗಲಿಲ್ಲ.

ಕಾಪಿ ಆದ ಮೇಲೆ ಇನ್ನೊಂದು ಕೆಲಸ ಮಾಡಿದೆ, ಕನ್ನಡದಲ್ಲಿ ಕೆಲಸ ಮಾಡುವವರೆಲ್ಲ ನೆನಪಿಡಬೇಕಾದ್ದು. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ಅವನ ನುಡಿ, ಶ್ರೀಲಿಪಿ ಫಾಂಟುಗಳನ್ನೂ ಪೆನ್‌ಡ್ರೈವಿಗೆ ಹಾಕಿದೆ. ಯೂನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿ ಕೂರಿಸಿದ ಪುಟಕ್ಕೆ ಆ ಫಾಂಟೇ ಜೀವ. ಅದಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಡೇಟಾ ಉಳಿಸಿಕೊಂಡೆವು ಎಂದುಕೊಂಡವರು ಫಾರ್ಮ್ಯಾಟ್ ಆದ ಮೇಲೆ ಹಳೆಯ ಫೈಲು ತೆರೆದು ಕಂಗಾಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಂದಹಾಗೆ ಅವನ ಸಿಪಿಯುವಿಗೆ ಫಾರ್ಮ್ಯಾಟ್ ಬೇಕಾಗಲಿಲ್ಲ. ಫೈಲು ಹೊರಬಂದ ಧೈರ್ಯದ ಮೇಲೆ, ಅರ್ಧಕ್ಕೆ ನಿಂತಿದ್ದ ಅಪ್‌ಡೇಟಿನ ಬಾಕಿ ಕೆಲಸವನ್ನೆಲ್ಲ ರದ್ದು ಮಾಡುವ ಕಮಾಂಡ್ ಕೊಟ್ಟೆ. ಅದು ಮುಗಿದು ರೀಸ್ಟಾರ್ಟ್ ಆದಾಗ ಅವನ ಡೆಸ್ಕ್‌ಟಾಪು ಇದ್ದ ಹಾಗೇ ಬಂತು.

ಈ ರಿಕವರಿ ಪರದೆಯೇ ಕೈಕೊಟ್ಟ ಪ್ರಸಂಗವೂ ಇದೆ. 2025ರ ಅಕ್ಟೋಬರ್ 14ರ ವಿಂಡೋಸ್ 11 ಅಪ್‌ಡೇಟ್ ಆದ ಮೇಲೆ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡು, ಮೌಸು ಕೆಲಸ ಮಾಡಲಿಲ್ಲ. ಅದೇ ತಿಂಗಳ 20ರಂದು ಮೈಕ್ರೋಸಾಫ್ಟ್ ತುರ್ತಾಗಿ ತಿದ್ದುಪಡಿ ಬಿಟ್ಟಿತು. ದುಂಡು ಪಿನ್ನಿನ ಹಳೆಯ ಕೀಬೋರ್ಡುಗಳಿಗೆ ಆ ತೊಂದರೆ ತಟ್ಟಲಿಲ್ಲ. ಗುಜರಿಗೆ ಹಾಕುವ ಮುನ್ನ ಅಂಥದ್ದೊಂದನ್ನು ಎತ್ತಿಟ್ಟುಕೊಳ್ಳಿ ಎಂದು ಶಾಲೆಗಳ ಕಂಪ್ಯೂಟರ್ ಮೇಷ್ಟ್ರುಗಳಿಗೆ ಹೇಳುತ್ತಿರುತ್ತೇನೆ.

ಇಲ್ಲಿಯವರೆಗೆ ಹೇಳಿದ್ದಕ್ಕೆಲ್ಲ ಬೀಗ ಹಾಕಿಬಿಡುವ ಸಂಗತಿ ಒಂದಿದೆ, ಅದು ಬಿಟ್‌ಲಾಕರ್. ಎರಡು ಮೂರು ವರ್ಷಗಳಿಂದ ನನ್ನ ಕೌಂಟರಿನ ಮುಂದೆ ಜನ ಕಣ್ಣೀರು ಹಾಕಿದ್ದರೆ ಹೆಚ್ಚಿನ ಸಲ ಇದಕ್ಕೇ. ಹೊಸ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿ ಮೊದಲ ಸಲ ಸಿದ್ಧಪಡಿಸುವಾಗಲೇ ಡಿಸ್ಕು ತಾನಾಗಿ ಗೂಢಲಿಪಿಗೆ ಹೋಗುತ್ತದೆ. ಕದ್ದವನು ಡಿಸ್ಕು ಬಿಚ್ಚಿ ಬೇರೆಡೆ ಹಾಕಿಕೊಂಡರೂ ಓದಲಾಗದು, ಅಷ್ಟರಮಟ್ಟಿಗೆ ಒಳ್ಳೆಯದೇ. ಅದನ್ನು ತೆರೆಯುವ ಕೀಲಿ ಟಿಪಿಎಂ ಎಂಬ ಚಿಪ್ಪಿನಲ್ಲಿರುತ್ತದೆ. ಪ್ರತಿ ಸಲ ಏಳುವಾಗ ಬಯಾಸು, ಬೂಟ್ ಫೈಲು ಎಲ್ಲ ಮೊದಲಿನಂತೆಯೇ ಇವೆಯೇ ಎಂದು ಅಳೆದು ನೋಡಿ, ಇದ್ದರೆ ಮಾತ್ರ ಚಿಪ್ಪು ಕೀಲಿ ಕೊಡುತ್ತದೆ. ಅಪ್‌ಡೇಟ್ ಅವುಗಳಲ್ಲೊಂದನ್ನು ಬದಲಿಸಿ ಮುನ್ಸೂಚನೆ ಕೊಡದೆ ಹೋದರೆ ಚಿಪ್ಪಿಗೆ ಸಂಶಯ ಬರುತ್ತದೆ. ನೀಲಿ ಪರದೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. 2024ರ ಜುಲೈ ಅಪ್‌ಡೇಟಿನಲ್ಲಿ ಹೀಗೇ ಆಗಿ ಆಗಸ್ಟಿನಲ್ಲಿ ಸರಿಹೋಯಿತು, 2025ರ ಮೇ ತಿಂಗಳಲ್ಲಿ ವಿಂಡೋಸ್ 10ರ ಕೆಲವು ಕಂಪ್ಯೂಟರುಗಳಿಗೂ ಆಯಿತು. ಕ್ರೌಡ್‌ಸ್ಟ್ರೈಕ್ ದಿನ ಒಂದು ಫೈಲು ಅಳಿಸಲು ಅಷ್ಟು ಪರದಾಡಿದ್ದಕ್ಕೂ ಇದೇ ಕಾರಣ. ಸೇಫ್ ಮೋಡಿಗೆ ಹೋಗಲು ಕೀಲಿ ಬೇಕು, ಕೀಲಿಗಳನ್ನು ಇಟ್ಟಿದ್ದ ಸರ್ವರುಗಳೂ ಕೆಲವು ಕಡೆ ಮಲಗಿದ್ದವು.

ಆ ಪರದೆಯ ಮೇಲೆ ಕೀ ಐಡಿ ಎಂದು ಒಂದು ಗುರುತು ಇರುತ್ತದೆ, ಅದರ ಮೊದಲ ಎಂಟು ಅಕ್ಷರ ನೋಡಿಕೊಳ್ಳಿ. ಬೇರೆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋದರೆ ಡಿವೈಸಸ್ ಎಂಬಲ್ಲಿ ಅದೇ ಗುರುತಿನ ಮುಂದೆ 48 ಅಂಕಿಗಳು ಸಿಗುತ್ತವೆ. ಸಿಗದಿದ್ದರೆ ನಾನಿರಲಿ, ಮೈಕ್ರೋಸಾಫ್ಟಿನವರೂ ತೆರೆದುಕೊಡಲಾರರು. ತೊಡಕು ಇರುವುದು 'ನಿಮ್ಮ ಖಾತೆ' ಎಂಬಲ್ಲಿ. ಡಿಗ್ರಿ ಓದುವ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದಿದ್ದಳು. ತನ್ನ ಮೇಲ್ ಐಡಿಗಳನ್ನೆಲ್ಲ ಹಾಕಿ ನೋಡಿದ್ದಳು, ಯಾವುದರಲ್ಲೂ ಕೀಲಿ ಇಲ್ಲ. ಲ್ಯಾಪ್‌ಟಾಪ್ ತಗೊಂಡ ದಿನ ಯಾರು ಆನ್ ಮಾಡಿಕೊಟ್ಟರು ಎಂದು ಕೇಳಿದೆ. "ಅಂಗಡಿಯವ್ರೇ ಎಲ್ಲಾ ರೆಡಿ ಮಾಡಿ ಕೊಟ್ರು" ಅಂದರು ಅಪ್ಪ. ಅಲ್ಲಿತ್ತು ಗುಟ್ಟು. ಗಿರಾಕಿಯ ಮೇಲ್ ಐಡಿ, ಒಟಿಪಿ ಎಂದು ಕಾಯಲು ಪುರುಸೊತ್ತಿಲ್ಲದೆ ಆ ಅಂಗಡಿಯ ಹುಡುಗ ತನ್ನದೇ ಖಾತೆ ಹಾಕಿ ಸೆಟಪ್ ಮುಗಿಸಿದ್ದ. ಅವರನ್ನು ಅಲ್ಲಿಗೇ ಕಳಿಸಿದೆ. ಪುಣ್ಯಕ್ಕೆ ಆ ಹುಡುಗ ಇನ್ನೂ ಅಲ್ಲೇ ಕೆಲಸಕ್ಕಿದ್ದ. ಅವನ ಖಾತೆಯಲ್ಲಿ ಅವನೇ ಮಾರಿದ ಬೇರೆ ಲ್ಯಾಪ್‌ಟಾಪುಗಳ ಕೀಲಿಗಳೂ ಸಾಲಾಗಿ ಇದ್ದವಂತೆ. ಎಂಟಕ್ಷರದ ಗುರುತು ಹೊಂದಿಸಿ ಇವಳದ್ದನ್ನು ಹುಡುಕಿ ಕೊಟ್ಟ. ಆ ಲ್ಯಾಪ್‌ಟಾಪಿನಲ್ಲಿ ಅವಳ ಪ್ರಾಜೆಕ್ಟು ಇತ್ತು, ತೀರಿಕೊಂಡ ಅಜ್ಜಿಯ ವಿಡಿಯೊ ಇತ್ತು.

ಓದುತ್ತಿರುವವರ ಮನೆಯಲ್ಲಿ ಈಚೆಗೆ ಕೊಂಡ ಲ್ಯಾಪ್‌ಟಾಪ್ ಇದ್ದರೆ, ಅದು ಚೆನ್ನಾಗಿರುವಾಗಲೇ ಸೆಟ್ಟಿಂಗ್ಸಿನಲ್ಲಿ ಅಕೌಂಟ್ಸ್ ತೆರೆದು ಯಾರ ಮೇಲ್ ಐಡಿ ಇದೆ ಎಂದು ಇವತ್ತೇ ನೋಡಿ. ನಿಮ್ಮದಲ್ಲದಿದ್ದರೆ ನಿಮ್ಮದಕ್ಕೆ ಬದಲಿಸಿ. ಪ್ರೈವೆಸಿ ಅಂಡ್ ಸೆಕ್ಯುರಿಟಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದ್ದರೆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ಪಾಸ್‌ಬುಕ್ಕಿನ ಜೊತೆ ಇಡಿ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇಡಬೇಡಿ.

ಕೆಲವೊಮ್ಮೆ ಅಪ್‌ಡೇಟ್ ನಿಮಿತ್ತ ಮಾತ್ರ. ಸಹಕಾರ ಸಂಘವೊಂದರ ಹಳೆಯ ಡೆಸ್ಕ್‌ಟಾಪು ಅಪ್‌ಡೇಟ್ ಆದ ರಾತ್ರಿಯಿಂದ ಏಳಲಿಲ್ಲ ಎಂದು ತಂದರು. ಕಿವಿ ಹತ್ತಿರ ಇಟ್ಟರೆ ಡಿಸ್ಕಿನಿಂದ ಟಕ್ ಟಕ್ ಸದ್ದು. ಅಪ್‌ಡೇಟ್ ಆಗುವಾಗ ಡಿಸ್ಕಿನ ಮೇಲೆ ಸಾವಿರಾರು ಫೈಲುಗಳ ಓದು ಬರಹ ಒಟ್ಟಿಗೆ ನಡೆಯುತ್ತದೆ. ದಿನನಿತ್ಯದ ಕೆಲಸದಲ್ಲಿ ಮುಟ್ಟದ ಮೂಲೆಗಳಿಗೂ ಹೋಗಬೇಕಾಗುತ್ತದೆ. ಸವೆದ ಡಿಸ್ಕು ಬಿದ್ದುಹೋಗುವುದು ಅಂಥ ಹೊತ್ತಿನಲ್ಲೇ. ಇಂಥ ಡಿಸ್ಕಿಗೆ ರಿಪೇರಿ ಕಮಾಂಡುಗಳನ್ನು ಓಡಿಸಬಾರದು, ಚೆಕ್‌ಡಿಸ್ಕ್ ಅಂತೂ ಬೇಡವೇ ಬೇಡ. ಉಳಿದಿರುವ ಉಸಿರನ್ನು ಅದು ಖರ್ಚು ಮಾಡಿಬಿಡುತ್ತದೆ. ವಿಂಡೋಸಿನ ಬದಲು ಬಳಸುವ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ ತುಂಬಿದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸಿ, ಇನ್‌ಸ್ಟಾಲ್ ಮಾಡದೆ 'ಟ್ರೈ ಉಬುಂಟು' ಆರಿಸಿ, ಮೊದಲು ಟ್ಯಾಲಿಯ ಡೇಟಾ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಎಳೆದುಕೊಂಡೆ. ಆಮೇಲೆ ಠರಾವುಗಳ ಪತ್ರ, ಸದಸ್ಯರ ಪಟ್ಟಿ. ಬೇಡದ ಸಿನಿಮಾಗಳಿಗೆ ಕೈಹಾಕಲಿಲ್ಲ. ಯಾವುದು ಮೊದಲು ಬೇಕು ಎಂದು ಸಂಘದ ಗುಮಾಸ್ತರನ್ನು ಕೂರಿಸಿಕೊಂಡು ಕೇಳಿದ್ದರಿಂದ ಇದಾಯಿತು. ಹೊಸ ಎಸ್‌ಎಸ್‌ಡಿ ಹಾಕಿದ್ದು ಅದಾದ ಮೇಲೆ.

ಇಷ್ಟೆಲ್ಲ ತಾಪತ್ರಯ ಇದ್ದರೆ ಅಪ್‌ಡೇಟನ್ನೇ ನಿಲ್ಲಿಸಿಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ನಿಲ್ಲಿಸಿಕೊಡುವ ಅಂಗಡಿಯವರೂ ಇದ್ದಾರೆ. ನಾನು ಒಪ್ಪುವುದಿಲ್ಲ. 2017ರ ಮೇ 12ರಂದು ವಾನಾಕ್ರೈ ಎಂಬ ವೈರಸ್ಸು ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತಲ್ಲ, ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅಪ್‌ಡೇಟ್ ಕೆಡಿಸಿದ್ದನ್ನು ಸರಿಮಾಡಬಹುದು, ಅಂಥ ಬೀಗ ತೆಗೆಯುವುದು ನನ್ನಿಂದಾಗದು. ಹೆದರಿಕೆ ಇದ್ದವರು ವಿಂಡೋಸ್ ಅಪ್‌ಡೇಟಿನ ಸೆಟ್ಟಿಂಗಿನಲ್ಲಿ 'ಪಾಜ್ ಅಪ್‌ಡೇಟ್ಸ್' ಒತ್ತಿ ಒಂದು ವಾರ ಮುಂದೂಡಿ. ಅಷ್ಟರಲ್ಲಿ ತೊಂದರೆ ಏನಾದರೂ ಇದ್ದರೆ ಸುದ್ದಿಯಾಗಿರುತ್ತದೆ. ಡಿಸ್ಕಿನಲ್ಲಿ ಒಂದಿಷ್ಟು ಜಾಗ ಖಾಲಿ ಇಟ್ಟುಕೊಳ್ಳಿ, ಒತ್ತುವ ಮೊದಲು ಚಾರ್ಜರ್ ಹಾಕಿ, ಮುಖ್ಯವಾದದ್ದನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಸಿದೆ. ಈಗ ಅಪ್‌ಡೇಟ್ ಬರುತ್ತಿಲ್ಲವೆಂದು ನೆಮ್ಮದಿಯಾಗಿರುವವರು ಹೊಸದಕ್ಕೆ ಹೋಗುವ ದಾರಿ ನೋಡಿಕೊಳ್ಳಬೇಕು.

ಇಲ್ಲಿ ಹೇಳಿದ್ದನ್ನೆಲ್ಲ ಮನೆಯಲ್ಲೇ ಮಾಡಲು ಎಲ್ಲರಿಗೂ ಆಗುವುದಿಲ್ಲ, ಆಗಬೇಕಾದ್ದೂ ಇಲ್ಲ. ಅದಕ್ಕೇ ನಾವಿದ್ದೇವೆ. ಆದರೆ ಯಾವ ಅಂಗಡಿಗೆ ಕೊಟ್ಟರೂ ಒಂದು ಚೀಟಿಯ ಮೇಲೆ 'ಡೇಟಾ ಬೇಕು, ಕೇಳದೆ ಫಾರ್ಮ್ಯಾಟ್ ಮಾಡಬೇಡಿ' ಎಂದು ದಪ್ಪಕ್ಷರದಲ್ಲಿ ಬರೆದು ಸಿಪಿಯುವಿಗೆ ಅಂಟಿಸಿ, ಕೆಳಗೆ ಫೋನ್ ನಂಬರ್ ಹಾಕಿ. ಯಾವ ಫೋಲ್ಡರುಗಳು ಮುಖ್ಯ ಎಂದೂ ಬರೆಯಿರಿ. ಕೊನೆಯ ಸಲ ಪರದೆಯ ಮೇಲೆ ಕಂಡದ್ದರ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು ತೋರಿಸಿ, ನಮ್ಮ ಅರ್ಧ ಕೆಲಸ ಉಳಿಯುತ್ತದೆ. ಫಾರ್ಮ್ಯಾಟ್ ಮಾಡದೆ ಬೇರೆ ದಾರಿಯೇ ಇಲ್ಲ ಎಂದು ಅವರು ಹೇಳಿದರೆ, ಹೊರತೆಗೆದ ಡೇಟಾವನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿಸಿ, ನಿಮ್ಮ ಕೈಯಾರೆ ನಾಲ್ಕೈದು ಫೈಲು ತೆರೆದು ನೋಡಿ. ಆಮೇಲೆ ಒಪ್ಪಿಗೆ ಕೊಡಿ.